ತುತ್ತು ಎದೆಯಲ್ಲೇ ನಿಲ್ಲುತ್ತಿದ್ದರೆ: ಅನ್ನನಾಳದ ಅಲರ್ಜಿ ಉರಿಯೂತ ಪತ್ತೆ ಹಚ್ಚುವ ಬಗೆ

ಈಗಲೇ ಯಾರಿಗಾದರೂ ತುತ್ತು ಸಿಕ್ಕಿಕೊಂಡಿದ್ದರೆ ಮೊದಲು ಇಷ್ಟು ಓದಿ, ಉಳಿದದ್ದು ಆಮೇಲೆ.

ಅವರಿಗೆ ಮಾತಾಡಲು, ಕೆಮ್ಮಲು, ಉಸಿರಾಡಲು ಆಗುತ್ತಿದೆಯಾ? ಆಗುತ್ತಿಲ್ಲ ಎಂದರೆ ತುತ್ತು ಉಸಿರಿನ ದಾರಿಗೆ ಹೋಗಿದೆ. ಮುಂದಕ್ಕೆ ಬಗ್ಗಿಸಿ, ಬೆನ್ನ ಮೇಲೆ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ ಹಿಡಿದು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಮಾತಾಡುತ್ತಿದ್ದಾರೆ, ಉಸಿರಾಟ ಸರಿಯಿದೆ, ಆದರೆ ಎದೆಯಲ್ಲಿ ಏನೋ ಕೂತಿದೆ, ಉಗುಳೂ ಇಳಿಯುತ್ತಿಲ್ಲ, ಜೊಲ್ಲು ಸುರಿಯುತ್ತಿದೆ. ಹೀಗಿದ್ದರೆ ಅದು ಅನ್ನನಾಳದಲ್ಲಿ ಸಿಕ್ಕಿದೆ. ಇದಕ್ಕೂ ಬೆಳಗಿನ ತನಕ ಕಾಯುವ ಹಾಗಿಲ್ಲ. ಉಗುಳೂ ಇಳಿಯದಿದ್ದರೆ ಕೆಲವೇ ಗಂಟೆಗಳಲ್ಲಿ ತೆಗೆಸಬೇಕು. ಉಗುಳು ಇಳಿಯುತ್ತಿದೆ, ತುತ್ತು ಮಾತ್ರ ಕೂತಿದೆ ಎಂದರೂ 24 ಗಂಟೆ ದಾಟಬಾರದು. ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಟ್ಯೂಬ್ ಇಳಿಸಿ ನೋಡುವ ಪರೀಕ್ಷೆ, ಮಾಡುವ ಆಸ್ಪತ್ರೆಗೇ ನೇರವಾಗಿ ಹೋಗಿ. ಬಾಳೆಹಣ್ಣು ನುಂಗಿಸುವುದು, ಅನ್ನದ ಉಂಡೆ ಕೊಡುವುದು, ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ. ಕಟ್ಟಿಕೊಂಡದ್ದರ ಮೇಲೆ ಇನ್ನಷ್ಟು ತುಂಬುತ್ತದೆ. ಉರಿಯೂತ ಇರುವ ಅನ್ನನಾಳ ಜೋರು ವಾಂತಿಗೆ ಹರಿಯಲೂಬಹುದು.

ತುತ್ತು ತೆಗೆಯಲು ಟ್ಯೂಬ್ ಹಾಕುವಾಗಲೇ ಇನ್ನೊಂದು ಮಾತು ಕೇಳಿ: "ಡಾಕ್ಟರೇ, ಈಗಲೇ ಬಯಾಪ್ಸಿಗೂ ಚೂರು ತೆಗೆಯೋಕಾಗುತ್ತಾ?" ಬಯಾಪ್ಸಿ ಎಂದರೆ ನಾಳದ ಒಳಪದರದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ತುತ್ತು ಹೋಯಿತು, ಸಮಾಧಾನವಾಯಿತು ಎಂದು ಮನೆಗೆ ಬಂದುಬಿಟ್ಟರೆ ಕಾರಣ ಒಳಗೇ ಉಳಿಯುತ್ತದೆ. ಎಷ್ಟೋ ಜನರಿಗೆ ಈ ಕಾಯಿಲೆ ವರ್ಷಗಟ್ಟಲೆ ಸಿಕ್ಕಿಬೀಳದೆ ಇರುವುದು ಇಲ್ಲೇ.

ದೋಷ ಏನು

ನಾನು ವೈದ್ಯನಲ್ಲ. ನನ್ನ ಅಕ್ಕನ ಮಗನಿಗೆ ಈ ಕಾಯಿಲೆ ಇದೆ. ಅವನ ಜೊತೆ ದಾವಣಗೆರೆಯಲ್ಲಿ ಆಸ್ಪತ್ರೆ ಓಡಾಡಿದವನು, ಓದಿ ಕೇಳಿ ತಿಳಿದುಕೊಂಡವನು. ಕಾಯಿಲೆಯ ಹೆಸರು ಇಯೋಸಿನೋಫಿಲಿಕ್ ಈಸೋಫೇಜೈಟಿಸ್. ಡಾಕ್ಟರುಗಳು ಚಿಕ್ಕದಾಗಿ ಇ-ಓ-ಇ ಎನ್ನುತ್ತಾರೆ.

ರಕ್ತ ಪರೀಕ್ಷೆ ಮಾಡಿಸಿದಾಗ "ಇಯೋಸಿನೋಫಿಲ್ ಜಾಸ್ತಿ ಇದೆ" ಎಂದು ಹೇಳುವುದನ್ನು ನೀವು ಕೇಳಿರುತ್ತೀರಿ. ಜಂತುಹುಳ, ಅಸ್ತಮಾ, ಅಲರ್ಜಿ ಇದ್ದಾಗ ಏರುವ ಬಿಳಿ ರಕ್ತಕಣ ಅದು. ಹೊಟ್ಟೆಯಲ್ಲಿ, ಕರುಳಿನಲ್ಲಿ ಈ ಕಣಗಳು ಇರುವುದು ಸಹಜ. ಅನ್ನನಾಳದ ಒಳಪದರದಲ್ಲಿ ಇರಬಾರದು. ಕೆಲವರ ದೇಹ ದಿನನಿತ್ಯದ ಯಾವುದೋ ಆಹಾರವನ್ನು, ಹೆಚ್ಚಾಗಿ ಹಾಲು ಅಥವಾ ಗೋಧಿಯನ್ನು, ಶತ್ರು ಎಂದು ತಿಳಿದು ಈ ಕಣಗಳನ್ನು ಅಲ್ಲಿಗೆ ಕಳಿಸುತ್ತದೆ. ಒಳಪದರ ಊದಿಕೊಳ್ಳುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಊದಿದ ಜಾಗ ಕಲೆಗಟ್ಟಿ ಗಡಸಾಗುತ್ತದೆ, ನಾಳ ಕಿರಿದಾಗುತ್ತದೆ. ಸುಮಾರು 25 ಸೆಂಟಿಮೀಟರ್ ಉದ್ದದ ಈ ನಾಳ ಆರೋಗ್ಯವಾಗಿದ್ದಾಗ ಎರಡು ಸೆಂಟಿಮೀಟರಿನಷ್ಟು ಅಗಲಕ್ಕೆ ಸಲೀಸಾಗಿ ಹಿಗ್ಗುತ್ತದೆ. 13 ಮಿಲಿಮೀಟರಿಗಿಂತ ಕಿರಿದಾದರೆ ಗಟ್ಟಿ ಆಹಾರ ಸಿಕ್ಕಿಕೊಳ್ಳುವುದು ಖಚಿತ ಎನ್ನಬಹುದು.

ರಕ್ತದಲ್ಲಿ ಇಯೋಸಿನೋಫಿಲ್ ಸರಿಯಾಗೇ ಇರಬಹುದು. ಆದ್ದರಿಂದ ರಕ್ತದ ರಿಪೋರ್ಟ್ ನೋಡಿ ಈ ಕಾಯಿಲೆ ಇಲ್ಲ ಎಂದು ಹೇಳಲು ಬರುವುದಿಲ್ಲ.

ಇದು ಅಂಟುವ ಕಾಯಿಲೆ ಅಲ್ಲ. ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುತ್ತದೆ ಎನ್ನುವುದಕ್ಕೂ ಇಲ್ಲಿಯವರೆಗೆ ಪುರಾವೆ ಇಲ್ಲ. ಶೇಂಗಾ ತಿಂದ ಕೂಡಲೇ ಮೈಯೆಲ್ಲ ದದ್ದು ಏಳುತ್ತದಲ್ಲ, ಅಂಥ ಅಲರ್ಜಿಯೂ ಇದಲ್ಲ. ಇದು ನಿಧಾನದ್ದು. ಇವತ್ತು ತಿಂದದ್ದರ ಪರಿಣಾಮ ಇವತ್ತೇ ಕಾಣುವುದಿಲ್ಲ, ಹಾಗಾಗಿ ಯಾವ ಆಹಾರ ಕಾರಣ ಎಂದು ಮನೆಯಲ್ಲಿ ಊಹಿಸುವುದು ಕಷ್ಟ.

ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸಿದ್ದು ಇತ್ತೀಚೆಗೆ. 1993ರಲ್ಲಿ ಸ್ಟೀಫನ್ ಆಟ್‌ವುಡ್, 1994ರಲ್ಲಿ ಸ್ವಿಟ್ಜರ್ಲೆಂಡಿನ ಅಲೆಕ್ಸ್ ಸ್ಟ್ರಾಮನ್ ಮತ್ತವರ ಜೊತೆಗಾರರು ವಯಸ್ಕರಲ್ಲಿ ಇದನ್ನು ವಿವರಿಸಿದರು. ವೈದ್ಯರಿಗೆ ಮೊದಲ ಮಾರ್ಗಸೂಚಿ ಬಂದದ್ದು 2007ರಲ್ಲಿ. ಅದಕ್ಕೂ ಮುಂಚೆ ಓದಿ ಬಂದ ಡಾಕ್ಟರುಗಳ ಪಠ್ಯದಲ್ಲಿ ಇದು ಇರಲೇ ಇಲ್ಲ. ಹಾಗಾಗಿ ನಿಮ್ಮ ಡಾಕ್ಟರಿಗೆ ಇದು ಮೊದಲಿಗೇ ಹೊಳೆಯದಿದ್ದರೆ ಬೇಸರ ಮಾಡಿಕೊಳ್ಳಬೇಡಿ. "ಇಯೋಸಿನೋಫಿಲಿಕ್ ಇರಬಹುದಾ ಸರ್?" ಎಂದು ನೀವೇ ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಊಟ ಮಾಡುವ ರೀತಿ ನೋಡಿ

"ನುಂಗೋಕೆ ತೊಂದರೆ ಇದೆಯಾ?" ಎಂದು ಕೇಳಿದರೆ ಈ ಕಾಯಿಲೆಯವರು "ಇಲ್ಲ" ಎಂದೇ ಹೇಳುತ್ತಾರೆ. ಸುಳ್ಳು ಹೇಳುತ್ತಿಲ್ಲ. ತೊಂದರೆ ಆಗದ ಹಾಗೆ ಊಟ ಮಾಡುವುದನ್ನು ಅವರು ಎಂದೋ ಕಲಿತುಬಿಟ್ಟಿರುತ್ತಾರೆ. ಆದ್ದರಿಂದ ಪ್ರಶ್ನೆ ಬದಲಿಸಬೇಕು.

ನನ್ನ ಅಳಿಯನನ್ನು ಯಾವಾಗ ಕೇಳಿದರೂ "ಏನಿಲ್ಲ ಮಾವ, ಗ್ಯಾಸು" ಎನ್ನುತ್ತಿದ್ದ. ಹರಿಹರದಲ್ಲಿ ಒಂದು ಮದುವೆ ಊಟಕ್ಕೆ ಅವನ ಪಕ್ಕದಲ್ಲೇ ಕೂತಿದ್ದೆ. ಚಪಾತಿಯನ್ನು ಉಗುರಿನಷ್ಟು ಚೂರು ಮಾಡಿ ಸಾರಿನಲ್ಲಿ ನೆನೆಸಿಟ್ಟ. ಎರಡು ತುತ್ತಿಗೊಮ್ಮೆ ನೀರು. ಅಗಿದಿದ್ದನ್ನೇ ಮತ್ತೆ ಅಗಿಯುತ್ತಿದ್ದ. ನಡುವೆ ಒಂದು ಸಲ ಮಾತು ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ, ಎದೆಯ ನಡುಮೂಳೆಯ ಮೇಲೆ ಕೈ ಒತ್ತಿಕೊಂಡು ಸುಮ್ನೆ ಕೂತ. ಅರ್ಧ ನಿಮಿಷ ಆದಮೇಲೆ ಮತ್ತೆ ಊಟ ಶುರು ಮಾಡಿದ. ಸಾಲಿನವರೆಲ್ಲ ಎದ್ದು ಹೋಗಿದ್ದರು, ಅವನ ಎಲೆಯಲ್ಲಿ ಅರ್ಧ ಊಟ ಹಾಗೇ ಇತ್ತು. "ಏನಾಯ್ತೋ?" ಎಂದು ಕೇಳಿದ್ದಕ್ಕೆ ಆಗ ಹೇಳಿದ: "ತುತ್ತು ಎದ್ಯಾಗ ನಿಂತಂಗಾಗ್ತತಿ ಮಾವ. ತಡದ್ರೆ ಇಳೀತತಿ."

ನಿಮ್ಮ ಮನೆಯಲ್ಲೂ ಹೀಗೇ ಗಮನಿಸಿ. ಊಟಕ್ಕೆ ಎಲ್ಲರಿಗಿಂತ ಜಾಸ್ತಿ ಹೊತ್ತು ಬೇಕಾಗುತ್ತದಾ? ನೀರಿನ ಲೋಟ ಪಕ್ಕದಲ್ಲಿ ಇಲ್ಲದಿದ್ದರೆ ಗಾಬರಿ ಆಗುತ್ತಾರಾ? ಕಡಕ್ ರೊಟ್ಟಿ, ಪರೋಟ, ಬ್ರೆಡ್, ಚಿಕನ್ ಪೀಸು ಬಿಟ್ಟು ಮೆತ್ತಗಿನದ್ದನ್ನೇ ಆರಿಸುತ್ತಾರಾ? ದೊಡ್ಡ ಮಾತ್ರೆಯನ್ನು ಮುರಿದು ನುಂಗುತ್ತಾರಾ? ಹೊರಗೆ, ನೆಂಟರ ಮನೆಯಲ್ಲಿ ಉಣ್ಣಲು ಹಿಂಜರಿಯುತ್ತಾರಾ? ಚಿತ್ರದುರ್ಗದ ಕಡೆ ಮುದ್ದೆ ಉಣ್ಣುವ ಮನೆಗಳಲ್ಲಿ ಇದು ಇನ್ನೂ ತಡವಾಗಿ ಗೊತ್ತಾಗಬಹುದು. ಮುದ್ದೆಯನ್ನು ಹೇಗಿದ್ದರೂ ಅಗಿಯದೆ ಸಾರಿನಲ್ಲಿ ಅದ್ದಿ ನುಂಗುತ್ತಾರೆ. ನನ್ನ ಅಳಿಯನಿಗೆ ಮುದ್ದೆ ಒಂದು ಸಲವೂ ನಿಂತಿರಲಿಲ್ಲ. ಚಪಾತಿ ಮಾಡಿದ ದಿನವೇ ತೊಂದರೆ.

ಇದು ಯಾವ ವಯಸ್ಸಿನವರಿಗೂ ಬರಬಹುದು. ಇಪ್ಪತ್ತರಿಂದ ನಲವತ್ತರ ಆಸುಪಾಸಿನವರಲ್ಲಿ ಜಾಸ್ತಿ. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಮೂರು ಪಟ್ಟು. ಅಸ್ತಮಾ, ಚರ್ಮದ ಎಕ್ಸಿಮಾ, ಧೂಳಿಗೆ ಸೀನು ಹಿಡಿಯುವುದು ಇದ್ದವರು ಇನ್ನಷ್ಟು ಎಚ್ಚರವಾಗಿರಬೇಕು. ಮೆಕ್ಕೆಜೋಳ ಒಕ್ಕುವ ಕಾಲ ಬಂದರೆ ಮೂಗು ಕಟ್ಟಿ ಒದ್ದಾಡುವ ಹುಡುಗನಿಗೆ ತುತ್ತೂ ನಿಲ್ಲುತ್ತಿದೆ ಎಂದರೆ ಎರಡನ್ನೂ ಡಾಕ್ಟರಿಗೆ ಒಟ್ಟಿಗೇ ಹೇಳಿ.

ಚಿಕ್ಕ ಮಕ್ಕಳು "ಸಿಕ್ಕಿಕೊಂಡಿದೆ" ಎಂದು ಹೇಳಲಾರರು. ಅವರಲ್ಲಿ ಇದು ಬೇರೆ ರೂಪದಲ್ಲಿ ಬರುತ್ತದೆ: ಪದೇ ಪದೇ ವಾಂತಿ, ಹೊಟ್ಟೆನೋವು, ತೂಕ ಏರದಿರುವುದು, ಗಟ್ಟಿ ಆಹಾರ ಬಾಯಲ್ಲೇ ಇಟ್ಟುಕೊಂಡು ಕೂರುವುದು. ಮನೆಯವರು ಹಠ ಎನ್ನುತ್ತಾರೆ, ತಾಯಿಗೆ ಉಣ್ಣಿಸಲು ಬರುವುದಿಲ್ಲ ಎನ್ನುತ್ತಾರೆ. ಆ ತಾಯಂದಿರ ಬಗ್ಗೆ ನನಗೆ ಬಹಳ ಸಂಕಟ. ಅವರ ತಪ್ಪು ಏನೂ ಇರುವುದಿಲ್ಲ.

ಬೇರೆ ಕಾಯಿಲೆಗಳಿಂದ ಬೇರ್ಪಡಿಸುವುದು

ಮೊದಲು, ಎಲ್ಲಿ ನಿಲ್ಲುತ್ತದೆ? ನುಂಗಲು ಶುರು ಮಾಡುವಾಗಲೇ ಕಷ್ಟ, ಕೆಮ್ಮು ಬರುತ್ತದೆ, ನೀರು ಮೂಗಿಗೆ ಏರುತ್ತದೆ ಎಂದರೆ ತೊಂದರೆ ಗಂಟಲಿನದ್ದು ಅಥವಾ ನರದ್ದು. ಪಾರ್ಶ್ವವಾಯು ಆದವರಲ್ಲಿ ಹೀಗಾಗುತ್ತದೆ. ಇ-ಓ-ಇಯಲ್ಲಿ ತುತ್ತು ಗಂಟಲು ದಾಟುತ್ತದೆ, ಕೆಲವು ಸೆಕೆಂಡು ಆದಮೇಲೆ ಎದೆಯಲ್ಲಿ ನಿಲ್ಲುತ್ತದೆ.

ಎರಡನೆಯದು, ಏನು ನಿಲ್ಲುತ್ತದೆ? ಗಟ್ಟಿಯದು ಮಾತ್ರ ನಿಲ್ಲುತ್ತದೆ, ನೀರು ಮಜ್ಜಿಗೆ ಸಲೀಸು ಎಂದರೆ ನಾಳ ಎಲ್ಲೋ ಕಿರಿದಾಗಿದೆ ಅಥವಾ ಗಡಸಾಗಿದೆ. ಮೊದಲಿನಿಂದಲೂ ನೀರು, ಅನ್ನ ಎರಡೂ ನಿಲ್ಲುತ್ತವೆ ಎಂದರೆ ಅನ್ನನಾಳದ ಸ್ನಾಯು ಕೆಲಸ ಮಾಡದ ಅಕಲೇಸಿಯಾ ಎಂಬ ಬೇರೆ ಕಾಯಿಲೆಯನ್ನು ಯೋಚಿಸಬೇಕು. ಅದಕ್ಕೆ ಮ್ಯಾನೋಮೆಟ್ರಿ ಎಂಬ ಪರೀಕ್ಷೆ ಇದೆ.

ಮೂರನೆಯದು ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ. ಚನ್ನಗಿರಿ, ಭೀಮಸಮುದ್ರ ಎಂದರೆ ಅಡಿಕೆಯ ನಾಡು. ಎಲೆ ಅಡಿಕೆ, ತಂಬಾಕು, ಗುಟ್ಕಾ ಬಾಯಲ್ಲಿ ಇರುವವರು ನಮ್ಮಲ್ಲಿ ಬಹಳ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ವಯಸ್ಸು ನಲವತ್ತು ದಾಟಿದೆ, ತೊಂದರೆ ಕೆಲವೇ ವಾರ ತಿಂಗಳುಗಳಲ್ಲಿ ರೊಟ್ಟಿಯಿಂದ ಅನ್ನಕ್ಕೆ, ಅನ್ನದಿಂದ ಗಂಜಿಗೆ ಇಳಿದಿದೆ, ತೂಕ ಕಡಿಮೆಯಾಗಿದೆ, ವಾಂತಿಯಲ್ಲಿ ರಕ್ತ ಬಂದಿದೆ ಅಥವಾ ಮಲ ಕಪ್ಪಗಿದೆ ಎಂದರೆ ಇ-ಓ-ಇ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅದೇ ವಾರ ಎಂಡೋಸ್ಕೋಪಿ ಮಾಡಿಸಿ. ಇ-ಓ-ಇ ಸಾಮಾನ್ಯವಾಗಿ ವರ್ಷಗಟ್ಟಲೆ ಬಂದು ಹೋಗಿ ಮಾಡುತ್ತದೆ. ದೊಡ್ಡವರಲ್ಲಿ ತೂಕ ಅಷ್ಟಾಗಿ ಇಳಿಯುವುದಿಲ್ಲ.

ಹಿಮೋಗ್ಲೋಬಿನ್ ಬಹಳ ಕಡಿಮೆ ಇರುವ ಹೆಂಗಸರಲ್ಲಿ ಅನ್ನನಾಳದ ಮೇಲ್ತುದಿಯಲ್ಲಿ ತೆಳು ಪೊರೆ ಬೆಳೆದು ತುತ್ತು ಕುತ್ತಿಗೆಯ ಹತ್ತಿರವೇ ನಿಲ್ಲುವುದುಂಟು. ಇನ್ನು ಕೆಲವರು ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಅಥವಾ ಕಬ್ಬಿಣದ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗಿಬಿಡುತ್ತಾರೆ. ಮಾತ್ರೆ ನಾಳದಲ್ಲೇ ಕೂತು ಸುಡುತ್ತದೆ, ಮರುದಿನ ನುಂಗಿದರೆ ವಿಪರೀತ ನೋವು. ಇದು ದಿಢೀರ್ ಎಂದು ಬರುವಂಥದ್ದು, ಕೇಳಿದರೆ ಗೊತ್ತಾಗಿಬಿಡುತ್ತದೆ.

ಕೊನೆಗೆ ಆಸಿಡಿಟಿ. ಎದೆಯುರಿ, ಹುಳಿ ತೇಗು ಮುಖ್ಯವಾಗಿದ್ದರೆ ಅದೇ ಇರಬಹುದು. ಆದರೆ ಎರಡೂ ಒಟ್ಟಿಗೆ ಇರಬಹುದು, ಆಸಿಡಿಟಿ ಮಾತ್ರೆಯಿಂದ ಇ-ಓ-ಇಗೂ ಸ್ವಲ್ಪ ಹಿತ ಅನ್ನಿಸಬಹುದು. ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾ ವರ್ಷ ಕಳೆಯುವವರು ಈ ಹಂತದಲ್ಲೇ ನಿಂತುಬಿಡುತ್ತಾರೆ. ತುತ್ತು ಒಂದಕ್ಕಿಂತ ಹೆಚ್ಚು ಸಲ ನಿಂತಿದ್ದರೆ ಅದನ್ನು ಗ್ಯಾಸ್ ಎಂದು ಕರೆಯುವುದನ್ನು ಬಿಡಬೇಕು. ಸ್ವಿಟ್ಜರ್ಲೆಂಡಿನಲ್ಲಿ 200 ರೋಗಿಗಳನ್ನು ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ತೊಂದರೆ ಶುರುವಾದ ಎರಡು ವರ್ಷದೊಳಗೆ ಕಾಯಿಲೆ ಪತ್ತೆಯಾದವರಲ್ಲಿ ನಾಳ ಕಿರಿದಾಗಿದ್ದದ್ದು ಶೇ. 17ರಷ್ಟು ಜನರಿಗೆ. ಇಪ್ಪತ್ತು ವರ್ಷ ದಾಟಿದವರಲ್ಲಿ ಅದು ಶೇ. 71.

ಟ್ಯೂಬ್ ಪರೀಕ್ಷೆ, ಬಯಾಪ್ಸಿ

ಬಯಾಪ್ಸಿ ಇಲ್ಲದೆ ಈ ಕಾಯಿಲೆಯನ್ನು ಹೌದು ಎನ್ನಲೂ ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ. ಎರಡು ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಎಂಡೋಸ್ಕೋಪಿಗೆಂದು ಬೆಂಗಳೂರಿಗೆ ಓಡಬೇಕಿಲ್ಲ. ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆ, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಕೆಲವು ನಿಮಿಷದ ಕೆಲಸ. ಚೂರು ತೆಗೆಯುವಾಗ ನೋವಾಗುವುದಿಲ್ಲ.

ಒಳಗೆ ಬಳೆ ಜೋಡಿಸಿಟ್ಟ ಹಾಗೆ ಉಂಗುರಗಳು, ಉದ್ದುದ್ದ ಗೀರುಗಳು, ಬಿಳಿ ಚುಕ್ಕೆಗಳು ಕಾಣಬಹುದು. ಏನೂ ಕಾಣದೆಯೂ ಇರಬಹುದು. ಇದೇ ಮುಖ್ಯ ವಿಷಯ. ಕಣ್ಣಿಗೆ ನಾಳ ಚೆನ್ನಾಗಿದೆ ಎಂದು ಚೂರು ತೆಗೆಯದೆ ಬಿಟ್ಟರೆ ಕಾಯಿಲೆ ತಪ್ಪಿಹೋಗುತ್ತದೆ. ಉರಿಯೂತ ಅಲ್ಲಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ನಾಳದ ಮೇಲಿನ ಭಾಗ, ಕೆಳಗಿನ ಭಾಗ ಎರಡರಿಂದಲೂ ಸೇರಿ ಕನಿಷ್ಠ ಆರು ಚೂರು ತೆಗೆಯಬೇಕು ಎಂದು ಮಾರ್ಗಸೂಚಿಗಳು ಹೇಳುತ್ತವೆ. ಪರೀಕ್ಷೆಗೆ ಮುಂಚೆಯೇ ಡಾಕ್ಟರ ಹತ್ತಿರ ಈ ಮಾತಾಡಿ.

ಆಸಿಡಿಟಿ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಮಾತ್ರೆಯಿಂದ ಕಣಗಳು ಕಡಿಮೆಯಾಗಿ ರಿಪೋರ್ಟ್ ಸರಿಯಿದ್ದಂತೆ ಬರಬಹುದು. ನೀವೇ ನಿಲ್ಲಿಸಬೇಡಿ, ನಿಲ್ಲಿಸಬೇಕಾ ಎಂದು ಕೇಳಿ.

ರಿಪೋರ್ಟ್ ಕೈಗೆ ಬಂದಾಗ ಒಂದು ಸಂಖ್ಯೆ ಹುಡುಕಿ. ಸೂಕ್ಷ್ಮದರ್ಶಕದ ಒಂದು ಹೈ ಪವರ್ ಫೀಲ್ಡ್‌ನಲ್ಲಿ (ಬಹಳ ದೊಡ್ಡದು ಮಾಡಿ ನೋಡುವಾಗ ಒಮ್ಮೆಗೆ ಕಾಣುವಷ್ಟು ಜಾಗ) ಇಯೋಸಿನೋಫಿಲ್ 15 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ನುಂಗುವ ತೊಂದರೆಯೂ ಇದ್ದು, ಕಣಗಳು ಏರಲು ಬೇರೆ ಕಾರಣ ಕಾಣದಿದ್ದರೆ ಇ-ಓ-ಇ ಎಂದು ತೀರ್ಮಾನ. ಅಳಿಯನ ಮೊದಲ ರಿಪೋರ್ಟಿನಲ್ಲಿ "ಕ್ರಾನಿಕ್ ಈಸೋಫೇಜೈಟಿಸ್" ಎಂದಷ್ಟೇ ಇತ್ತು, ಸಂಖ್ಯೆ ಇರಲಿಲ್ಲ. ಲ್ಯಾಬಿನಲ್ಲಿ ಸ್ಲೈಡ್ ಇಟ್ಟಿರುತ್ತಾರೆ. ಡಾಕ್ಟರು ಅದನ್ನೇ ಮತ್ತೆ ನೋಡಿಸಿ ಎಣಿಸಿದಾಗ ಕಾಯಿಲೆ ಸಿಕ್ಕಿತು. ಹೊಸದಾಗಿ ಟ್ಯೂಬ್ ಹಾಕಬೇಕಾಗಲಿಲ್ಲ.

ರಿಪೇರಿ

ಮೂರು ದಾರಿಗಳಿವೆ. ಯಾವುದು ಎಂಬುದನ್ನು ಡಾಕ್ಟರು ನಿಮ್ಮ ಜೊತೆ ಕೂತು ತೀರ್ಮಾನಿಸುತ್ತಾರೆ.

ಒಮೆಪ್ರಜೋಲ್‌ನಂಥ ಆಸಿಡಿಟಿ ಮಾತ್ರೆ ಮೊದಲನೆಯದು. ಊಟಕ್ಕೆ ಅರ್ಧ ಗಂಟೆ ಮುಂಚೆ, ಎಂಟರಿಂದ ಹನ್ನೆರಡು ವಾರ. ಅರ್ಧದ ಆಸುಪಾಸಿನಷ್ಟು ಜನರಿಗೆ ಇದೇ ಸಾಕಾಗುತ್ತದೆ. ಈ ಮಾತ್ರೆಗೆ ಗುಣ ಕಂಡರೆ ಅದು ಇ-ಓ-ಇ ಅಲ್ಲ ಎಂದು ಹಿಂದೆ ಹೇಳುತ್ತಿದ್ದರು. 2018ರಿಂದ ಆ ನಿಯಮ ಹೋಯಿತು.

ಎರಡನೆಯದು ನುಂಗುವ ಸ್ಟಿರಾಯ್ಡ್. ಅಸ್ತಮಾಕ್ಕೆ ಕೊಡುವ ಫ್ಲುಟಿಕಾಸೋನ್ ಪಂಪನ್ನೇ ಬಾಯಿಗೆ ಹೊಡೆದುಕೊಂಡು ನುಂಗುವುದು, ಅಥವಾ ಬುಡೆಸೊನೈಡ್ ದ್ರಾವಣವನ್ನು ಜೇನುತುಪ್ಪದಂಥ ಮಂದ ಪದಾರ್ಥದಲ್ಲಿ ಬೆರೆಸಿ ನಿಧಾನವಾಗಿ ನುಂಗುವುದು. ಔಷಧ ನಾಳದ ಗೋಡೆಗೆ ಅಂಟಿಕೊಳ್ಳಬೇಕು, ಅದೇ ಉದ್ದೇಶ. ಇಲ್ಲೊಂದು ತಪ್ಪು ಸುಲಭವಾಗಿ ಆಗುತ್ತದೆ. ಮೆಡಿಕಲ್ ಶಾಪಿನಲ್ಲಿ ಪಂಪು ಕೊಡುವಾಗ ರೂಢಿಯಂತೆ "ಉಸಿರು ಎಳ್ಕೊಳ್ಳಿ" ಎನ್ನುತ್ತಾರೆ, ಪಂಪಿಗೆ ಸಿಕ್ಕಿಸುವ ಸ್ಪೇಸರ್ ಎಂಬ ಕೊಳವೆಯನ್ನೂ ಕೊಡುತ್ತಾರೆ. ಹಾಗೆ ಮಾಡಿದರೆ ಔಷಧ ಪುಪ್ಪುಸಕ್ಕೆ ಹೋಗುತ್ತದೆ, ಅನ್ನನಾಳಕ್ಕೆ ಸಿಗುವುದಿಲ್ಲ. ಸ್ಪೇಸರ್ ಬೇಡ. ಉಸಿರು ಹಿಡಿದು ಹೊಡೆದುಕೊಂಡು ನುಂಗಬೇಕು. ಆಮೇಲೆ ಅರ್ಧ ಗಂಟೆ ನೀರೂ ಇಲ್ಲ, ಊಟವೂ ಇಲ್ಲ. ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಬರಬಹುದು.

ಮೂರನೆಯದು ಪಥ್ಯ. ಹಾಲು, ಗೋಧಿ, ಮೊಟ್ಟೆ, ಸೋಯಾ, ಶೇಂಗಾ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಮೀನು ಸಿಗಡಿ. ಈ ಆರು ಗುಂಪುಗಳನ್ನು ಬಿಟ್ಟು ನೋಡುವುದು ಹಳೆಯ ಕ್ರಮ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಆರನ್ನೂ ಬಿಟ್ಟ ವಯಸ್ಕರಲ್ಲಿ ಶೇ. 40, ಹಾಲೊಂದನ್ನೇ ಬಿಟ್ಟವರಲ್ಲಿ ಶೇ. 34 ಜನರಿಗೆ ಉರಿಯೂತ ಇಳಿಯಿತು. ದೊಡ್ಡ ವ್ಯತ್ಯಾಸವೇನಿಲ್ಲ ಅಲ್ವಾ? ನನ್ನ ಅಭಿಪ್ರಾಯ ಕೇಳಿದರೆ ಹಾಲಿನಿಂದಲೇ ಶುರು ಮಾಡುವುದು ಒಳ್ಳೆಯದು.

ಆದರೆ ಹಾಲು ಬಿಡುವುದೆಂದರೆ ಲೋಟದ ಹಾಲು ಬಿಡುವುದಷ್ಟೇ ಅಲ್ಲ. ಚಹಾ, ಮಜ್ಜಿಗೆ, ಮೊಸರು, ಪೇಡ, ಬಿಸ್ಕತ್ತು, ಕೊನೆಗೆ ಬೆಣ್ಣೆ ದೋಸೆಯೂ ಹೋಗುತ್ತದೆ. ದಾವಣಗೆರೆಯವರಿಗೆ ಇದು ಸಣ್ಣ ನೋವಲ್ಲ. ಎಣ್ಣೆಯಲ್ಲಿ ಮಾಡಿದ ಖಾಲಿ ದೋಸೆ ತಿನ್ನಬಹುದು, ಕಲ್ಲಿಗೆ ಬೆಣ್ಣೆ ಸವರದಂತೆ ಹೇಳಬೇಕು. ಎಮ್ಮೆ ಹಾಲು, ಮೇಕೆ ಹಾಲಿಗೆ ಬದಲಾಯಿಸಿ ಪ್ರಯೋಜನವಿಲ್ಲ, ಪ್ರೋಟೀನು ಹೆಚ್ಚುಕಮ್ಮಿ ಅದೇ. ಗೋಧಿ ಬಿಟ್ಟರೆ ರವೆ, ಶಾವಿಗೆ, ಮೈದಾ ಎಲ್ಲವೂ ಬಿಟ್ಟಂತೆ. ಇಂಗಿನ ಡಬ್ಬಿಯ ಮೇಲಿನ ಪಟ್ಟಿಯನ್ನೂ ಓದಿ. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ. ಅಕ್ಕನ ಮನೆಯಲ್ಲಿ ಗೋಧಿ ಬಿಟ್ಟ ಮೇಲೂ ಸಾರಿನ ಒಗ್ಗರಣೆಯಲ್ಲಿ ಅದು ದಿನಾ ಒಳಗೆ ಬರುತ್ತಿತ್ತು.

ಒಂದು ಸಮಾಧಾನ ಇದೆ. ನಮ್ಮ ಬಯಲುಸೀಮೆಯ ಅಡುಗೆ ಈ ಪಥ್ಯಕ್ಕೆ ಬಹಳ ಅನುಕೂಲ. ಜೋಳದ ರೊಟ್ಟಿ, ರಾಗಿ ಮುದ್ದೆ, ನವಣೆ ಅನ್ನ, ಅಕ್ಕಿ, ಮಂಡಕ್ಕಿ ಯಾವುದೂ ಆ ಆರರ ಗುಂಪಿಗೆ ಸೇರುವುದಿಲ್ಲ. ಬೀಜಗಳನ್ನೂ ಬಿಟ್ಟಿದ್ದರೆ ಮಂಡಕ್ಕಿಗೆ ಬೆರೆಸುವ ಶೇಂಗಾ, ರೊಟ್ಟಿಗೆ ಹಾಕಿಕೊಳ್ಳುವ ಶೇಂಗಾ ಚಟ್ನಿಪುಡಿ ಮಾತ್ರ ಬೇಡ. ಹಾಲು ಬಿಟ್ಟವರಿಗೆ ಸುಣ್ಣದ ಅಂಶ ರಾಗಿಯಿಂದಲೂ ಸಿಗುತ್ತದೆ. ಮಕ್ಕಳಿಗೆ ಮಾತ್ರ ಆಹಾರ ತಜ್ಞರನ್ನು ಕೇಳದೆ ಪಥ್ಯ ಮಾಡಿಸಬೇಡಿ, ಬೆಳವಣಿಗೆ ಕುಂಠಿತವಾಗಬಹುದು. ಕಾರಣದ ಆಹಾರ ಯಾವುದು ಎಂದು ಚರ್ಮದ ಅಲರ್ಜಿ ಪರೀಕ್ಷೆಯಾಗಲಿ, ದುಬಾರಿ ರಕ್ತ ಪರೀಕ್ಷೆಯ ಪ್ಯಾಕೇಜಾಗಲಿ ನಂಬುವಂತೆ ಹೇಳಲಾರವು. ಒಂದೊಂದನ್ನೇ ಬಿಟ್ಟು, ಒಂದೊಂದನ್ನೇ ಮತ್ತೆ ಸೇರಿಸಿ, ಬಯಾಪ್ಸಿಯಲ್ಲೇ ನೋಡಬೇಕು.

ಇವಲ್ಲದೆ ಡುಪಿಲುಮಾಬ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2022ರಲ್ಲಿ ಈ ಕಾಯಿಲೆಗೆಂದು ಒಪ್ಪಿಗೆ ಸಿಕ್ಕಿದೆ. ಬಹಳ ದುಬಾರಿ, ಬೇರೆ ಯಾವುದಕ್ಕೂ ಬಗ್ಗದವರಿಗೆ ಯೋಚಿಸುವಂಥದ್ದು.

ಚಿಕಿತ್ಸೆ ನಡೆದರೂ ಸರಿಹೋಗದಿದ್ದರೆ

ಮೊದಲು ಔಷಧ ತೆಗೆದುಕೊಳ್ಳುವ ರೀತಿ ನೋಡಿ: ಪಂಪು ನುಂಗುತ್ತಿದ್ದಾರಾ, ಎಳೆದುಕೊಳ್ಳುತ್ತಿದ್ದಾರಾ? ಮೇಲೆ ನೀರು ಕುಡಿದು ತೊಳೆದುಬಿಡುತ್ತಿದ್ದಾರಾ? ಆಮೇಲೆ ಅಡುಗೆಮನೆ ನೋಡಿ. ಚೆನ್ನಾಗಾಯಿತು ಎಂದು ಔಷಧ ನಿಲ್ಲಿಸಿದ್ದಾರಾ ಕೇಳಿ. ಇದು ದೀರ್ಘಕಾಲದ ಕಾಯಿಲೆ, ನಿಲ್ಲಿಸಿದರೆ ಹೆಚ್ಚಿನವರಿಗೆ ಮರಳಿ ಬರುತ್ತದೆ.

ತೊಂದರೆ ಹೋಗಿದೆ ಎಂದ ಮಾತ್ರಕ್ಕೆ ಉರಿಯೂತ ಹೋಗಿದೆ ಎಂದಲ್ಲ. ಚಿಕಿತ್ಸೆ ಬದಲಾದಾಗಲೆಲ್ಲ ಎರಡು ಮೂರು ತಿಂಗಳ ನಂತರ ಮತ್ತೆ ಬಯಾಪ್ಸಿ ಮಾಡಿಸಬೇಕು. ಖರ್ಚು, ಓಡಾಟ ಇದೆ ನಿಜ. ಆದರೆ ಒಳಗಿನ ಸ್ಥಿತಿ ತಿಳಿಯಲು ಇಷ್ಟು ಖಚಿತವಾದ ಬೇರೆ ದಾರಿ ಇಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಕಣಗಳು 15ಕ್ಕಿಂತ ಕೆಳಗೆ ಬಂದಿವೆ, ಆದರೂ ತುತ್ತು ನಿಲ್ಲುತ್ತಿದೆ. ಆಗ ಹಳೆಯ ಕಲೆಯಿಂದ ನಾಳ ಕಿರಿದಾಗಿ ಉಳಿದಿರುತ್ತದೆ. ಬಲೂನಿನಿಂದ ಹಿಗ್ಗಿಸಿದರೆ ನುಂಗುವುದು ಸಲೀಸಾಗುತ್ತದೆ. ಒಂದೆರಡು ದಿನ ಎದೆನೋವು ಇರಬಹುದು, ನಾಳ ತೂತಾಗುವುದು ಅಪರೂಪ. ಹಿಗ್ಗಿಸುವುದರಿಂದ ಉರಿಯೂತ ಇಳಿಯುವುದಿಲ್ಲ, ಔಷಧ ಅಥವಾ ಪಥ್ಯ ಮುಂದುವರಿಯಲೇಬೇಕು. "ಟ್ಯೂಬ್ ಆರಾಮಾಗಿ ಹೋಯ್ತು, ಕಿರಿದಾಗಿಲ್ಲ" ಎಂದು ಹೇಳಿದರೆ ಇನ್ನೊಂದು ಪ್ರಶ್ನೆ ಕೇಳಿ. ದೊಡ್ಡವರಿಗೆ ಹಾಕುವ ಟ್ಯೂಬಿನ ದಪ್ಪ ಸುಮಾರು 9ರಿಂದ 10 ಮಿಲಿಮೀಟರ್. ನಾಳ 11 ಮಿಲಿಮೀಟರಿಗೆ ಕಿರಿದಾಗಿದ್ದರೂ ಅದು ತಡೆಯಿಲ್ಲದೆ ಹಾದುಹೋಗುತ್ತದೆ, ಚಪಾತಿ ತುತ್ತು ಹೋಗುವುದಿಲ್ಲ. ಅಂಥವರಿಗೆ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿದರೆ ಎಲ್ಲಿ, ಎಷ್ಟುದ್ದ ಕಿರಿದಾಗಿದೆ ಎಂಬುದು ಕಾಣುತ್ತದೆ.